ಮೇಳದ ಕಲೆ, ಮನೆಯ ಕೆಲಸ

ಮಳೆಗಾಲ ಮುಗಿದು ನವರಾತ್ರಿ ಹತ್ತಿರವಾಯಿತೆಂದರೆ ಅಹಮದಾಬಾದಿನಲ್ಲಿ ಎರಡು ಬಗೆಯ ಗಡಿಬಿಡಿ ಒಟ್ಟಿಗೇ ಆರಂಭವಾಗುತ್ತದೆ. ಒಂದು ಮೇಳಗಳದು, ಇನ್ನೊಂದು ಮನೆ ರಿಪೇರಿಯದು. ವಸ್ತ್ರಾಪುರದ ಅಹಮದಾಬಾದ್ ಹಾಟ್‌ನಂಥ ಕಡೆ ಕಚ್ಛದ ಕಸೂತಿಯವರು, ಸಂಖೇಡಾದ ಅರಗಿನ ಬಣ್ಣದ ಪೀಠೋಪಕರಣದವರು, ಹೊರ ರಾಜ್ಯಗಳ ನೇಕಾರರು, ಕುಂಬಾರರು ಸಾಲಾಗಿ ಮಳಿಗೆ ಹೂಡುತ್ತಾರೆ. ಅದೇ ದಿನಗಳಲ್ಲಿ ನಮ್ಮ ನಮ್ಮ ಸೊಸೈಟಿಗಳ ಮೆಟ್ಟಿಲುಗಳ ಮೇಲೆ ಬಣ್ಣದ ಡಬ್ಬಿಗಳು, ಸಿಮೆಂಟಿನ ಚೀಲಗಳು, ಟೈಲ್ಸಿನ ಪೆಟ್ಟಿಗೆಗಳು ಏರತೊಡಗುತ್ತವೆ. ದೀಪಾವಳಿಗೆ ಮುನ್ನ ಮನೆ ಹೊಸದಾಗಬೇಕೆಂಬುದು ಗುಜರಾತಿಗಳ ಹಟ. ಇಲ್ಲಿ ಬಂದು ನೆಲೆಸಿದ ಕನ್ನಡಿಗರಿಗೂ ಅದು ಅಂಟಿಕೊಂಡಿದೆ.

ನಾವು ಮೇಳಕ್ಕೆ ಹೋಗುವುದು ಮನರಂಜನೆಗೆ, ಮನೆ ರಿಪೇರಿ ಮಾಡಿಸುವುದು ಅನಿವಾರ್ಯಕ್ಕೆ ಎಂದು ಭಾವಿಸುತ್ತೇವೆ. ಇವೆರಡಕ್ಕೂ ಸಂಬಂಧವುಂಟೆಂದು ಸಾಮಾನ್ಯವಾಗಿ ಯಾರಿಗೂ ತೋರುವುದಿಲ್ಲ. ಆದರೆ ಇತಿಹಾಸವನ್ನು ಸ್ವಲ್ಪ ಕೆದಕಿ ನೋಡಿದರೆ, ಮೇಳದಲ್ಲಿ ನಾವು ಜಾನಪದ ಕಲೆಯೆಂದು ಬೆಲೆಕೊಟ್ಟು ಕೊಳ್ಳುವ ವಸ್ತುಗಳಲ್ಲಿ ಬಹುಪಾಲು ಒಂದಾನೊಂದು ಕಾಲದಲ್ಲಿ ಮನೆಯನ್ನು ನೇರ್ಪುಗೊಳಿಸುವ ವಾರ್ಷಿಕ ಕೆಲಸದ ಭಾಗವೇ ಆಗಿದ್ದವೆಂಬುದು ಗೊತ್ತಾಗುತ್ತದೆ. ಮನೆಯ ಕೆಲಸ ನಿಂತಲ್ಲಿ ಆ ಕಲೆ ಮೇಳವನ್ನು ಸೇರಿತು. ಈ ಮಾತು ಗುಜರಾತಿಗೆ ಸಲ್ಲುವಷ್ಟೇ ನಮ್ಮ ಮಲೆನಾಡಿಗೂ ಕರಾವಳಿಗೂ ಸಲ್ಲುತ್ತದೆ.

ಸಾರಣೆ ಕಾರಣೆ

ಮೇಳದ ಮಳಿಗೆಗಳಲ್ಲಿ ಇತ್ತೀಚಿನ ವರ್ಷಗಳಲ್ಲಿ ಎಲ್ಲರ ಕಣ್ಣಿಗೂ ಬೀಳುವುದು ಹಲಗೆಯ ಮೇಲೆ ಉಬ್ಬುಗೆರೆಗಳನ್ನು ಮೂಡಿಸಿ, ನಡುವೆ ಕನ್ನಡಿ ಚೂರುಗಳನ್ನು ಕೂರಿಸಿದ ಬಿಳಿಯ ಫಲಕಗಳು. ಇದಕ್ಕೆ ಕಚ್ಛದಲ್ಲಿ ಲೀಂಪಣ ಎಂದು ಹೆಸರು. ಲೀಂಪಣವೆಂದರೆ ನಮ್ಮ ಲೇಪನವೇ. ರಣದ ಅಂಚಿನ ಬನ್ನಿ ಪ್ರದೇಶದ ಮನೆಗಳು ಭೂಂಗಾ ಎಂಬ ದುಂಡನೆಯ ಮಣ್ಣಿನ ಮನೆಗಳು. ಮೇಲೆ ಶಂಕುವಿನಾಕಾರದ ಹುಲ್ಲಿನ ಮಾಡು. ಜೇಡಿಮಣ್ಣಿಗೆ ಸಗಣಿ ಅಥವಾ ಲದ್ದಿ ಸೇರಿಸಿ ಹದ ಮಾಡಿ ಗೋಡೆಗೆ ಮೆತ್ತುವುದು ಅಲ್ಲಿಯ ಹೆಂಗಸರ ಕೆಲಸ. ಬಿಸಿಲಿಗೆ ಬಿರಿದ ಗೋಡೆಯನ್ನು, ಮಳೆಗೆ ಕರಗಿದ ಅಂಚನ್ನು ಮತ್ತೆ ಮತ್ತೆ ಮೆತ್ತದಿದ್ದರೆ ಮನೆ ನಿಲ್ಲುವುದಿಲ್ಲ. ಹಾಗೆ ಮೆತ್ತುವ ಕೈ, ಮಣ್ಣು ಹಸಿಯಾಗಿರುವಾಗಲೇ ಒಂದು ನವಿಲನ್ನು, ಒಂದು ಬಳ್ಳಿಯನ್ನು, ಮಜ್ಜಿಗೆ ಕಡೆಯುವ ಹೆಂಗಸನ್ನು ಮೂಡಿಸಿತು. ಕನ್ನಡಿ ಚೂರು ಕೂರಿಸಿದ್ದರಿಂದ ಒಳಗಿನ ಒಂದೇ ದೀಪದ ಬೆಳಕು ನೂರಾಗಿ ಚೆದರಿತು. ರಬಾರಿ, ಮುತ್ವಾ, ಮೇಘವಾಳ ಸಮುದಾಯಗಳ ಹೆಂಗಸರು ಇದನ್ನು ಕಲಿತದ್ದು ಶಾಲೆಯಲ್ಲಲ್ಲ, ಅತ್ತೆಯ ಪಕ್ಕದಲ್ಲಿ ಕುಳಿತು ಗೋಡೆಯ ಬಿರುಕು ಮುಚ್ಚುತ್ತ.

ವಡೋದರದ ಪೂರ್ವಕ್ಕೆ ಛೋಟಾ ಉದೇಪುರದ ರಾಠ್ವಾ ಜನರ ಪಿಥೋರಾ ಚಿತ್ರಗಳೂ ಹೀಗೆಯೇ. ಮನೆಯಲ್ಲಿ ಕಾಯಿಲೆಯೋ ಬೆಳೆಹಾನಿಯೋ ಉಂಟಾದಾಗ ಯಜಮಾನ ಹರಕೆ ಹೊರುತ್ತಾನೆ. ಹರಕೆ ತೀರಿಸುವುದೆಂದರೆ ಜಗಲಿಯ ಗೋಡೆಯ ಮೇಲೆ ಪಿಥೋರಾ ದೇವರ ಕುದುರೆಗಳನ್ನು ಬರೆಸುವುದು. ಅದಕ್ಕೆ ಮೊದಲು ಮದುವೆಯಾಗದ ಹೆಣ್ಣುಮಕ್ಕಳು ಗೋಡೆಯನ್ನು ಸಗಣಿ ಮಣ್ಣಿನಿಂದ ಸಾರಿಸಿ ಬಿಳಿ ಮಣ್ಣು ಬಳಿಯುತ್ತಾರೆ. ಬರೆಯುವವರು ಲಖಾರಾ ಎನಿಸಿಕೊಂಡ ಗಂಡಸರು, ಬರೆದದ್ದು ಸರಿಯಾಗಿದೆಯೆಂದು ಒಪ್ಪಬೇಕಾದವನು ಬಡವೋ ಎಂಬ ಪೂಜಾರಿ. ಗೋಡೆಯ ಸಿದ್ಧತೆಯೇ ಪೂಜೆಯ ಮೊದಲ ಅಂಗ.

ಇದನ್ನು ಓದುವಾಗ ನಮ್ಮವರಿಗೆ ತಮ್ಮ ಊರು ನೆನಪಾಗದಿರದು. ಹಬ್ಬ ಬಂತೆಂದರೆ ಸಾರಣೆ ಕಾರಣೆ ಎಂಬ ಜೋಡಿಪದ ಹಳ್ಳಿಯ ಮನೆಗಳಲ್ಲಿ ಕೇಳಿಬರುತ್ತಿತ್ತು. ನೆಲ ಸಾರಿಸುವುದು, ಗೋಡೆಗೆ ಸುಣ್ಣ ಬಳಿಯುವುದು, ಬುಡಕ್ಕೆ ಕೆಮ್ಮಣ್ಣಿನ ಪಟ್ಟೆ ಎಳೆಯುವುದು. ಶಿವಮೊಗ್ಗ ಜಿಲ್ಲೆಯ ಸಾಗರ, ಸೊರಬ ಸೀಮೆಯ ದೀವರ ಹೆಂಗಸರ ಹಸೆ ಚಿತ್ತಾರ ಈ ಕೆಮ್ಮಣ್ಣು ಬಳಿದ ಗೋಡೆಯ ಮೇಲೆಯೇ ಅರಳಿದ್ದು. ಅಕ್ಕಿಹಿಟ್ಟಿನ ಬಿಳಿ, ಸುಟ್ಟ ಅಕ್ಕಿಯ ಕಪ್ಪು, ಗುರಿಗೆ ಕಾಯಿಯ ಹಳದಿ, ಕೆಮ್ಮಣ್ಣಿನ ಕೆಂಪು. ಕುಂಚವೆಂದರೆ ಪುಂಡಿ ನಾರು. ಮದುವೆಯ ಮನೆಯಲ್ಲಿ ವಧೂವರರು ಕೂರುವ ಹಸೆಯ ಹಿಂದಿನ ಗೋಡೆಗೆ ಆ ಚಿತ್ತಾರ. ಭೂಮಿ ಹುಣ್ಣಿಮೆಗೆ ಹೊಲಕ್ಕೆ ಚರಗ ಒಯ್ಯುವ ಬುಟ್ಟಿಗೂ ಅದೇ ಕೈಯ ಗೆರೆ. ಕಚ್ಛದ ಹೆಂಗಸು ಸಾಗರದ ಹೆಂಗಸನ್ನು ಕಂಡವಳಲ್ಲ. ಆದರೂ ಇಬ್ಬರೂ ಮಣ್ಣಿನ ಗೋಡೆಯ ಅಗತ್ಯದಿಂದಲೇ ಕಲೆಗೆ ದಾರಿ ಕಂಡುಕೊಂಡರು.

ಬಟ್ಟೆಯ ಗೋಡೆ, ಬಟ್ಟೆಯ ಗುಡಿ

ಗೋಡೆಯೇ ಇಲ್ಲದವರು ಏನು ಮಾಡಬೇಕು? ಅಹಮದಾಬಾದಿನದೇ ಆದ ಒಂದು ಕಲೆ ಈ ಪ್ರಶ್ನೆಗೆ ಉತ್ತರವಾಗಿದೆ. ಅದು ಮಾತಾನಿ ಪಚೇಡಿ. ದೇವಸ್ಥಾನದೊಳಕ್ಕೆ ಪ್ರವೇಶ ದೊರೆಯದಿದ್ದ ಸಮುದಾಯಗಳು ಬಟ್ಟೆಯ ಮೇಲೆಯೇ ಗುಡಿಯನ್ನು ಬರೆದವು. ನಡುವೆ ಗರ್ಭಗುಡಿಯಲ್ಲಿ ದೇವಿ, ಸುತ್ತ ಭಕ್ತರು, ಪ್ರಾಣಿಪಕ್ಷಿಗಳು, ಕಥೆಗಳು. ನವರಾತ್ರಿಯಲ್ಲಿ ಅದನ್ನು ಮೇಲುಗಟ್ಟಾಗಿಯೂ ಗೋಡೆಯಾಗಿಯೂ ಕಟ್ಟಿದರೆ ಬಯಲೇ ಗುಡಿಯಾಗುತ್ತದೆ. ತುಕ್ಕು ಹಿಡಿದ ಕಬ್ಬಿಣವನ್ನು ಬೆಲ್ಲದ ನೀರಿನಲ್ಲಿ ಕೊಳೆಯಿಸಿ ಕಪ್ಪು ಬಣ್ಣ, ಪಟಿಕದ ಸಹಾಯದಿಂದ ಕೆಂಪು ಬಣ್ಣ. ತೊಳೆಯಲು ಹರಿಯುವ ಸಾಬರಮತಿ. ದೇವಿಪೂಜಕ ಸಮುದಾಯದ ಕೆಲವೇ ಕುಟುಂಬಗಳು ಈ ವಿದ್ಯೆಯನ್ನು ಇಂದಿಗೂ ಹಿಡಿದುಕೊಂಡು ಬಂದಿವೆ. 2023ರಲ್ಲಿ ಇದಕ್ಕೆ ಭೌಗೋಳಿಕ ಸೂಚಕದ ಮನ್ನಣೆ ದೊರೆಯಿತು.

ನಮ್ಮ ಮನೆಯ ಹಾಲಿನ ಗೋಡೆಗೆ ಅಲಂಕಾರವಾಗಿ ಪಚೇಡಿಯನ್ನು ತೂಗುಹಾಕುವಾಗ ಈ ಹಿನ್ನೆಲೆ ತಿಳಿದಿರುವುದು ಒಳ್ಳೆಯದು. ಯಾರಿಗೋ ಅದು ಗೋಡೆಗೆ ಹಚ್ಚುವ ಚಿತ್ರವಾಗಿರಲಿಲ್ಲ, ಗೋಡೆಯೇ ಆಗಿತ್ತು. ಗರ್ಬಾದ ಕಥೆಯೂ ಇದಕ್ಕೆ ದೂರವಲ್ಲ. ತೂತುಗಳಿರುವ ಮಣ್ಣಿನ ಮಡಕೆಯೊಳಗೆ ದೀಪವಿಟ್ಟು, ಅದರ ಸುತ್ತ ಕೇರಿಯ ಹೆಂಗಸರು ಸುತ್ತುವುದು ಗರ್ಬಾದ ಮೂಲ ರೂಪ. ಗರ್ಭದೀಪವೆಂಬುದೇ ಆ ಹೆಸರಿನ ಮೂಲವೆನ್ನುತ್ತಾರೆ. 2023ರ ಡಿಸೆಂಬರಿನಲ್ಲಿ ಯುನೆಸ್ಕೊ ಅದನ್ನು ಮಾನವಕುಲದ ಅಮೂರ್ತ ಪರಂಪರೆಯ ಪಟ್ಟಿಗೆ ಸೇರಿಸಿತು. ದೊಡ್ಡ ಮೈದಾನಗಳಲ್ಲಿ ಸಾವಿರಾರು ಜನ ಕುಣಿಯುವ ಗರ್ಬಾ ಹುಟ್ಟಿದ್ದು ಮನೆಯಂಗಳದಲ್ಲಿ, ಸಾರಿಸಿದ ನೆಲದ ಮೇಲೆ.

ರಿಪೇರಿಯಿಂದ ಹುಟ್ಟಿದ ನಗರಸಭೆ

ಹಳ್ಳಿಯ ಮಾತು ಹೀಗಾಯಿತು. ನಗರದ ಮನೆಗಳ ಕಥೆಯೇನು? ಅಹಮದ್ ಷಹನು 1411ರಲ್ಲಿ ಸ್ಥಾಪಿಸಿದ ಈ ನಗರದ ಹಳೆಯ ಭಾಗವನ್ನು ನೋಡದೆ ಅಹಮದಾಬಾದನ್ನು ಬಲ್ಲೆವೆಂದು ನಾವು ಹೇಳುವಂತಿಲ್ಲ. ಪೋಳ್ ಎಂದು ಕರೆಯುವ ಅಲ್ಲಿಯ ಕೇರಿಗಳಿಗೆ ಒಂದೇ ಹೆಬ್ಬಾಗಿಲು. ಒಳಗೆ ಗೋಡೆಗೆ ಗೋಡೆ ತಾಗಿಸಿದ ಮನೆಗಳು. ಮುಂದೆ ಓಟಲೋ, ಅಂದರೆ ನಮ್ಮ ಜಗಲಿ. ನಡುವೆ ಚೌಕ, ಅಂದರೆ ನಮ್ಮ ತೊಟ್ಟಿ. ತೊಟ್ಟಿಮನೆಯಲ್ಲಿ ಬೆಳೆದವರಿಗೆ ಪೋಳಿನ ಮನೆ ಹೊಸದೆನಿಸುವುದಿಲ್ಲ. ಚೌಕದ ಕೆಳಗೆ ಗಾರೆ ಮಾಡಿದ ನೆಲಮಾಳಿಗೆಯಂಥ ಟಾಂಕಾ ಇರುತ್ತದೆ. ಮಾಡಿನ ಮಳೆನೀರು ಕೊಳವೆಯಲ್ಲಿ ಇಳಿದು ಅದರಲ್ಲಿ ತುಂಬುತ್ತದೆ. ಬೆಳಕು ಬೀಳದೆ ತಂಪಾಗಿದ್ದ ಆ ನೀರನ್ನು ವರ್ಷವಿಡೀ ಕುಡಿಯಲು ಬಳಸುತ್ತಿದ್ದರು. ಆದ್ದರಿಂದ ಮಳೆಗೆ ಮುನ್ನ ಮಾಡನ್ನು ತೊಳೆಯುವುದು, ಟಾಂಕಾವನ್ನು ಶುಚಿಗೊಳಿಸುವುದು ಮನೆವಾರ್ತೆಯಲ್ಲಿ ತಪ್ಪದ ಕೆಲಸವಾಗಿತ್ತು. 1891ರಲ್ಲಿ, ರಣಛೋಡಲಾಲ್ ಛೋಟಾಲಾಲ್ ಅವರ ಪ್ರಯತ್ನದಿಂದ ನಗರಕ್ಕೆ ಕೊಳಾಯಿ ನೀರು ಬಂತು. 1861ರಲ್ಲಿ ಇಲ್ಲಿಯ ಮೊದಲ ಹತ್ತಿ ಗಿರಣಿಯನ್ನು ನಡೆಸತೊಡಗಿದವರೂ ಇವರೇ.

ಈ ನಗರದ ಆಡಳಿತವೇ ಒಂದು ರಿಪೇರಿ ಕೆಲಸದಿಂದ ಹುಟ್ಟಿತೆಂಬುದು ಸ್ವಾರಸ್ಯವಾದ ಸಂಗತಿ. 1819ರ ಜೂನ್ 16ರಂದು ಕಚ್ಛದಲ್ಲಿ ಆದ ಭೂಕಂಪಕ್ಕೆ ಇಲ್ಲಿಯ ಜಾಮಾ ಮಸೀದಿಯ ಮಿನಾರುಗಳು ಉರುಳಿದವು. ನಗರದ ಕೋಟೆಗೋಡೆಯೂ ಆ ಕಾಲಕ್ಕೆ ಶಿಥಿಲವಾಗಿತ್ತು. 1830ರ ದಶಕದಲ್ಲಿ ಊರಿನ ಪ್ರಮುಖರೂ ಅಧಿಕಾರಿಗಳೂ ಸೇರಿ ಕೋಟೆಗೋಡೆಯ ನಿಧಿಯೊಂದನ್ನು ಕೂಡಿಸಿದರು. ಅದಕ್ಕೆ ತುಪ್ಪವೇ ಮೊದಲಾದ ಸರಕುಗಳ ಮೇಲೆ ಸಣ್ಣದೊಂದು ಸುಂಕ ಹಾಕಲಾಯಿತು. ಗೋಡೆ ರಿಪೇರಿಯಾದ ಮೇಲೂ ಹಣ ಉಳಿಯಿತು. ಅದನ್ನು ಬೀದಿಗಳ ಕೆಲಸಕ್ಕೆ ತಿರುಗಿಸಲಾಯಿತು. ಆ ಸಮಿತಿಯೇ ಮುಂದೆ ನಗರಸಭೆಯ ಬೀಜವಾಯಿತು. ತುಪ್ಪ ತಿಂದವರೆಲ್ಲ ಗೋಡೆಗೆ ಒಂದಿಷ್ಟು ಮಣ್ಣು ಹೊತ್ತಂತಾಯಿತು. ಕೋಟೆಯ ಬಹುಭಾಗ ಆಮೇಲೆ ಕಣ್ಮರೆಯಾದರೂ ಬಾಗಿಲುಗಳು ಹಲವು ಉಳಿದಿವೆ.

ನಮ್ಮ ಕಾಲಕ್ಕೆ ಬಂದರೆ, 1996ರಲ್ಲಿ ಮಹಾನಗರಪಾಲಿಕೆ ಪರಂಪರೆಯ ವಿಭಾಗವೊಂದನ್ನು ತೆರೆಯಿತು. 1997ರ ನವೆಂಬರಿನಲ್ಲಿ ಕಾಲೂಪುರದ ಸ್ವಾಮಿನಾರಾಯಣ ಮಂದಿರದಿಂದ ಜಾಮಾ ಮಸೀದಿಯವರೆಗೆ ಬೆಳಗಿನ ಪಾರಂಪರಿಕ ನಡಿಗೆ ಆರಂಭವಾಯಿತು. 2017ರಲ್ಲಿ ಅಹಮದಾಬಾದ್ ಭಾರತದ ಮೊದಲ ವಿಶ್ವ ಪರಂಪರೆಯ ನಗರವೆನಿಸಿತು. ಬಿರುದು ಬಂದಮಾತ್ರಕ್ಕೆ ಮನೆ ಉಳಿಯುವುದಿಲ್ಲ. ಅಣ್ಣತಮ್ಮಂದಿರಲ್ಲಿ ಪಾಲಾದ, ಅರ್ಧ ಬೀಗ ಹಾಕಿದ ಮನೆಗೆ ಯಾರು ಹೆಂಚು ಕೈಯಾಡಿಸಬೇಕು, ಯಾರು ಗೆದ್ದಲು ನೋಡಬೇಕು ಎಂಬ ಪ್ರಶ್ನೆ ಪೋಳುಗಳಲ್ಲಿ ಹಾಗೆಯೇ ಇದೆ. ಊರಿನಲ್ಲಿ ಹಿರಿಯರ ಮನೆ ಬಿಟ್ಟು ಬಂದ ನಮಗೆ ಈ ಪ್ರಶ್ನೆಯನ್ನು ವಿವರಿಸಬೇಕಾಗಿಲ್ಲ.

ಮನೆಯಿಂದ ಕಳಚಿದ ಕಂಬಗಳು

ಪೋಳಿನ ಮನೆಗಳ ಹೆಮ್ಮೆ ಅವುಗಳ ಮರದ ಕೆತ್ತನೆ. ಕಂಬ, ಬೋದಿಗೆ, ತೊಲೆಯ ತುದಿ, ಕಿಟಕಿಯ ಚೌಕಟ್ಟು ಎಲ್ಲದರ ಮೇಲೂ ಉಳಿ ಆಡಿದೆ. ಈ ಕೆತ್ತನೆ ಮನೆಯಿಂದ ಹೊರಟು ಲೋಕ ಸುತ್ತಿದ ಕಥೆಯೊಂದಿದೆ. ಲಾಕ್‌ವುಡ್ ಡಿ ಫಾರೆಸ್ಟ್ ಎಂಬ ಅಮೆರಿಕದ ಕಲಾವಿದ 1881ರಲ್ಲಿ ಇಲ್ಲಿಗೆ ಬಂದು, ನಗರದ ಪ್ರಸಿದ್ಧ ಹಠೀಸಿಂಗ್ ಮನೆತನದ ಮಗನಭಾಯಿ ಹಠೀಸಿಂಗ್ ಅವರೊಡನೆ ಸೇರಿ ಅಹಮದಾಬಾದ್ ಮರಗೆತ್ತನೆ ಕಂಪನಿಯನ್ನು ಆರಂಭಿಸಿದ. ಇಲ್ಲಿಯ ಮಿಸ್ತ್ರಿಗಳು ಕೆತ್ತಿದ ಹಲಗೆಗಳು, ಸೀದಿ ಸೈಯದ್ ಮಸೀದಿಯ ಜಾಲಿಯ ಮಾದರಿಯಲ್ಲಿ ಕೊರೆದ ಹಿತ್ತಾಳೆ ತಗಡುಗಳು ಹಡಗೇರಿ ಅಮೆರಿಕದ ಶ್ರೀಮಂತರ ಮನೆಗಳನ್ನು ಸೇರಿದವು. ನ್ಯೂಯಾರ್ಕಿನಲ್ಲಿ ಡಿ ಫಾರೆಸ್ಟ್ ತನಗಾಗಿ ಕಟ್ಟಿಸಿಕೊಂಡ ಮನೆಯ ಮುಂಭಾಗದಲ್ಲಿ ತೇಗದ ಕೆತ್ತನೆಯ ಮುಂಚಾಚು ಇದೆ. ಉಕ್ಕಿನ ಉದ್ಯಮಿ ಆಂಡ್ರೂ ಕಾರ್ನೆಗಿಯ ಬಂಗಲೆಯಲ್ಲಿ ತೇಗದ ಕೋಣೆಯೆಂದೇ ಹೆಸರಾದ ಕೋಣೆಯೊಂದನ್ನು ಈತ ಅಲಂಕರಿಸಿದ. ನ್ಯೂಯಾರ್ಕಿನವರ ಗೃಹಶೃಂಗಾರಕ್ಕೆ ಅಹಮದಾಬಾದಿನ ಬಡಗಿ ಹೀಗೆ ಕೈನೀಡಿದ. ಕೆತ್ತುವವರಿಗೆ ಕೆಲಸ ಸಿಕ್ಕಿತು, ವಿದ್ಯೆ ಉಳಿಯಿತು. ಆದರೆ ಮನೆಯ ಭಾರ ಹೊರುತ್ತಿದ್ದ ಬೋದಿಗೆ ಗೋಡೆಗೆ ಅಂಟಿಸುವ ಅಲಂಕಾರವಾಯಿತು.

ಮರಕ್ಕಾದ ಗತಿಯೇ ಪಾತ್ರೆಗಳಿಗೂ ಆಯಿತು. ಸ್ಟೀಲು ಬಂದಂತೆ ಹಿತ್ತಾಳೆ ತಾಮ್ರದ ಹಂಡೆಗಳು ತೂಕಕ್ಕೆ ಮಾರಾಟವಾಗಿ ಕರಗತೊಡಗಿದವು. ಇದನ್ನು ಕಂಡು ಮರುಗಿದ ಸುರೇಂದ್ರ ಪಟೇಲರು ನಗರದ ಅಂಚಿನ ವಿಶಾಲಾದಲ್ಲಿ 1981ರಲ್ಲಿ ವೇಚಾರ್ ಎಂಬ ಪಾತ್ರೆಗಳ ಸಂಗ್ರಹಾಲಯವನ್ನು ತೆರೆದರು. ಮಕ್ಕಳನ್ನು ಅಲ್ಲಿಗೆ ಕರೆದೊಯ್ದ ಕನ್ನಡ ತಾಯಂದಿರು ಹಂಡೆ, ಕೊಳಗ, ತಂಬಿಗೆಗಳನ್ನು ಗುರುತುಹಿಡಿದು ಹೆಸರಿಸುವುದರಲ್ಲಿ ಕಷ್ಟಪಡಬೇಕಾಗುವುದಿಲ್ಲ.

ನಮ್ಮ ನಾಡಿನಲ್ಲಿ ಇದೇ ಕೆಲಸ ಮಾಡಿದವರು ಮಣಿಪಾಲದ ವಿಜಯನಾಥ ಶೆಣೈ. ಬ್ಯಾಂಕಿನಲ್ಲಿ ನೌಕರಿಯಲ್ಲಿದ್ದ ಅವರು, ಕರಾವಳಿಯ ಹಳೆಯ ಮನೆಗಳನ್ನು ಒಂದೊಂದಾಗಿ ಬಿಚ್ಚಿ ಮರವನ್ನು ಮಾರುವುದನ್ನು ಕಂಡರು. ಭೂಸುಧಾರಣೆಯಿಂದ ಗೇಣಿದಾರನಿಗೆ ನ್ಯಾಯ ದೊರೆತದ್ದು ಸರಿಯೇ. ಆದರೆ ಗೇಣಿಯ ಆದಾಯ ನಿಂತ ದೊಡ್ಡ ಮನೆಗಳಿಗೆ ರಿಪೇರಿಯ ಶಕ್ತಿಯೂ ನಿಂತಿತು. ಶೆಣೈಯವರು ಹಾಗೆ ಬಿಚ್ಚಿದ ಮನೆಗಳ ಕಂಬ, ಬಾಗಿಲು, ತೊಲೆಗಳನ್ನು ಕೂಡಿಸಿ ತಮ್ಮ ವಾಸದ ಮನೆಯನ್ನೇ ಕಟ್ಟಿಕೊಂಡರು. ಅದಕ್ಕೆ ಹಸ್ತಶಿಲ್ಪ ಎಂದು ಹೆಸರಿಟ್ಟರು. ನೋಡಲು ಬರುವವರು ಹೆಚ್ಚಾದಾಗ ಮನೆಯನ್ನು ಸಾರ್ವಜನಿಕರಿಗೆ ತೆರೆದಿಟ್ಟು, ಮುಂದೆ ಇಡೀ ಮನೆಗಳನ್ನೇ ತಂದು ನಿಲ್ಲಿಸಿದ ಪರಂಪರೆಯ ಗ್ರಾಮಕ್ಕೆ ಕಾರಣರಾದರು. 2017ರಲ್ಲಿ ಅವರು ತೀರಿಕೊಂಡರು. ತನ್ನ ಮನೆ ಕಟ್ಟುವ ಕೆಲಸದಿಂದಲೇ ಒಂದು ನಾಡಿನ ಮನೆಗಳನ್ನು ಉಳಿಸಹೊರಟ ಇನ್ನೊಬ್ಬರನ್ನು ಹುಡುಕುವುದು ಕಷ್ಟ.

ಹೆಂಚು ಬಂದ ದಾರಿ

ಗುಜರಾತಿನ ಮನೆಗಳಿಗೆ ನಮ್ಮ ನಾಡಿನ ಕೊಡುಗೆ ಏನೂ ಇಲ್ಲವೇ ಎಂದು ಯಾರಾದರೂ ಕೇಳಿಯಾರು. ಉತ್ತರ ತಲೆಯ ಮೇಲೆಯೇ ಇದೆ. 1865ರಲ್ಲಿ ಬಾಸೆಲ್ ಮಿಷನ್ನಿನ ಜಾರ್ಜ್ ಪ್ಲೆಬ್ಸ್ಟ್ ಅವರು ಮಂಗಳೂರಿನಲ್ಲಿ ಹೆಂಚಿನ ಕಾರ್ಖಾನೆಯನ್ನು ಆರಂಭಿಸಿದರು. ನೇತ್ರಾವತಿ ದಂಡೆಯ ಜೇಡಿಮಣ್ಣು, ಪಶ್ಚಿಮಘಟ್ಟದ ಸೌದೆ, ಪಕ್ಕದಲ್ಲೇ ಬಂದರು. ಒಂದರ ಅಂಚಿಗೆ ಇನ್ನೊಂದು ಕಚ್ಚಿಕೊಳ್ಳುವ ಈ ಚಪ್ಪಟೆ ಹೆಂಚು, ಊರಿನ ಕುಂಬಾರನ ನಾಡಹೆಂಚಿಗಿಂತ ಹಗುರವಾದ ಮಾಡನ್ನು ಕೊಟ್ಟಿತು. ಮಂಗ ಹಾರಿದರೂ ಬೇಗ ಜಾರದು. ಹಾಯಿಹಡಗುಗಳು ಅದನ್ನು ಮುಂಬಯಿಗೂ ಗುಜರಾತಿನ ರೇವುಗಳಿಗೂ ಸಾಗಿಸಿದವು. ಕಚ್ಛ, ಕಾಠಿಯಾವಾಡಗಳ ಊರುಗಳಲ್ಲಿ ಈ ಬಗೆಯ ಹೆಂಚಿಗೆ ಮಂಗಳೂರಿನ ಹೆಸರೇ ನಿಂತಿತು. ಮುಂದೆ ಸೌರಾಷ್ಟ್ರದ ಮೋರ್ಬಿಯಲ್ಲಿಯೇ ಮಂಗಳೂರು ಮಾದರಿಯ ಹೆಂಚು ತಯಾರಾಗತೊಡಗಿತು. ಅದೇ ಮೋರ್ಬಿ ಇಂದು ದೇಶದ ಟೈಲ್ಸ್ ಉದ್ಯಮದ ಮುಖ್ಯ ಕೇಂದ್ರ. ಒಂದು ಕಾಲಕ್ಕೆ ಮಂಗಳೂರಿನ ಮಣ್ಣು ಇಲ್ಲಿಯ ಸೂರಿಗೆ ಏರಿತು. ಈಗ ಮೋರ್ಬಿಯ ಮಣ್ಣು ಮಂಗಳೂರಿನ ಮನೆಗಳ ನೆಲಕ್ಕೆ ಹಾಸಾಗಿದೆ. ಕರಾವಳಿಯ ಹೆಂಚಿನ ಕಾರ್ಖಾನೆಗಳ ಚಿಮಣಿಗಳಾದರೋ ಹೆಚ್ಚಿನವು ಹೊಗೆ ನಿಲ್ಲಿಸಿವೆ.

ಗೋಡೆ ಒಡೆಯುವ ಮುನ್ನ

2001ರ ಜನವರಿ 26ರ ಬೆಳಿಗ್ಗೆ ಕಚ್ಛ ಮತ್ತೆ ನಡುಗಿತು. ಗಣರಾಜ್ಯೋತ್ಸವದ ಧ್ವಜ ಏರಿಸುವ ಹೊತ್ತು. ಕೇಂದ್ರದಿಂದ ಇನ್ನೂರು ಕಿಲೋಮೀಟರಿಗೂ ಮಿಕ್ಕಿ ದೂರವಿರುವ ಅಹಮದಾಬಾದಿನಲ್ಲಿಯೂ ಹಲವು ಬಹುಮಹಡಿ ವಸತಿ ಕಟ್ಟಡಗಳು ಕುಸಿದು ನೂರಾರು ಜನ ಸತ್ತರು. ಆದರೆ ಕಚ್ಛದ ದುಂಡನೆಯ ಭೂಂಗಾಗಳಲ್ಲಿ ಅನೇಕವು ನಿಂತವು. ಅಹಮದಾಬಾದಿನ ಪೋಳುಗಳಲ್ಲಿ ಇಟ್ಟಿಗೆಯ ನಡುನಡುವೆ ಮರದ ಪಟ್ಟಿ ಹೆಣೆದ ಹಳೆಯ ಮನೆಗಳೂ ಬಹುಮಟ್ಟಿಗೆ ತಡೆದುಕೊಂಡವು. ದುಂಡು ಗೋಡೆಗೆ ದುರ್ಬಲವಾದ ಮೂಲೆಯಿಲ್ಲ. ಮರದ ಪಟ್ಟಿ ಗೋಡೆಯನ್ನು ಕಟ್ಟಿಹಾಕಿ, ಅಲುಗಾಟವನ್ನು ಒಂದಿಷ್ಟು ನುಂಗಿಕೊಳ್ಳುತ್ತದೆ. ಕುಸಿದ ಕಟ್ಟಡಗಳಲ್ಲಿ ಎದ್ದುಕಂಡ ದೋಷವೆಂದರೆ ನೆಲಮಟ್ಟದಲ್ಲಿ ವಾಹನ ನಿಲ್ಲಿಸಲೆಂದು ಗೋಡೆಯಿಲ್ಲದೆ ಬರಿಯ ಕಂಬಗಳ ಮೇಲೆ ಮಹಡಿಗಳನ್ನು ಏರಿಸಿದ್ದು.

ಈ ಪಾಠ ಫ್ಲ್ಯಾಟುಗಳಲ್ಲಿ ವಾಸಿಸುವ ನಮಗೆ ನೇರವಾಗಿ ಸಂಬಂಧಿಸಿದ್ದು. ಅಡುಗೆಮನೆ ದೊಡ್ಡದು ಮಾಡಲು ಗೋಡೆ ತೆಗೆಸುವುದು, ಕಂಬದಲ್ಲಿ ಪೈಪಿಗಾಗಿ ಕೊರೆಸುವುದು, ಬಾಲ್ಕನಿಯನ್ನು ಕೋಣೆ ಮಾಡಿ ಭಾರ ಹೇರುವುದು, ತಾರಸಿಯ ಮೇಲೆ ಇನ್ನೊಂದು ಟಾಕಿ ಕಟ್ಟಿಸುವುದು, ಹಳೆಯ ನೆಲದ ಮೇಲೆಯೇ ಹೊಸ ಕಲ್ಲು ಹಾಸುವುದು ಇವೆಲ್ಲ ಸುಧಾರಣೆಯ ಹೆಸರಿನಲ್ಲಿ ನಡೆಯುತ್ತವೆ. ಪೋಳಿನ ಮನೆಯವನು ತನ್ನ ಗೋಡೆ ನೆರೆಯವನ ಗೋಡೆಯೂ ಹೌದೆಂದು ಅರಿತಿದ್ದ. ಫ್ಲ್ಯಾಟಿನವನ ಕಂಬ ಮೇಲಿನ ಹತ್ತು ಸಂಸಾರಗಳ ಕಂಬವೂ ಹೌದು. ರಚನಾ ಎಂಜಿನಿಯರನ್ನು ಕೇಳದೆ, ಸೊಸೈಟಿಗೆ ತಿಳಿಸದೆ ಒಂದು ಗೋಡೆಯನ್ನೂ ಮುಟ್ಟಬಾರದು. ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಎಂದ ಹಿರಿಯರು ಮನೆ ಒಡೆದು ನೋಡು ಎಂದು ಹೇಳಿಲ್ಲ.

ರಿಪೇರಿಯೋ ಕೆಡಹುವುದೋ ಎಂಬ ವಾದ ದೊಡ್ಡ ಪ್ರಮಾಣದಲ್ಲಿ ನಡೆದದ್ದು ವಸ್ತ್ರಾಪುರದಲ್ಲಿಯೇ. ಇಲ್ಲಿಯ ಇಂಡಿಯನ್ ಇನ್ಸ್ಟಿಟ್ಯೂಟ್ ಆಫ್ ಮ್ಯಾನೇಜ್‌ಮೆಂಟಿನ ಹಳೆಯ ಆವರಣವನ್ನು 1960ರ ದಶಕದಲ್ಲಿ ಅಮೆರಿಕದ ಲೂಯಿ ಕಾನ್ ರೂಪಿಸಿದರು. ಅವರಿಗೆ ಜೊತೆಯಾದವರು ಬಾಲಕೃಷ್ಣ ದೋಷಿ ಮತ್ತು ಅನಂತ ರಾಜೆ. ಗಾರೆ ಹೊದಿಸದ ಇಟ್ಟಿಗೆಯ ದೊಡ್ಡ ಕಮಾನುಗಳು ಲೋಕಪ್ರಸಿದ್ಧವಾದವು. ನೀರು ಇಂಗಿ, ಭೂಕಂಪಕ್ಕೆ ಬಿರುಕುಬಿಟ್ಟು ಇವು ಸೊರಗಿದಾಗ ಗ್ರಂಥಾಲಯವನ್ನು ಬೃಂದಾ ಸೋಮಾಯಾ ಅವರ ಸಂಸ್ಥೆ ಜೀರ್ಣೋದ್ಧಾರ ಮಾಡಿತು. 2019ರಲ್ಲಿ ಆ ಕೆಲಸಕ್ಕೆ ಯುನೆಸ್ಕೊ ಪ್ರಶಸ್ತಿಯೂ ಬಂತು. ಆದರೆ 2020ರ ಡಿಸೆಂಬರಿನಲ್ಲಿ 18 ವಸತಿಗೃಹಗಳಲ್ಲಿ 14ನ್ನು ಕೆಡವುವ ಪ್ರಸ್ತಾವ ಹೊರಬಿತ್ತು. ಪ್ರಪಂಚದ ನಾನಾ ಕಡೆಗಳಿಂದ ಪ್ರತಿಭಟನೆ ಬಂದು, ಕೆಲವೇ ದಿನಗಳಲ್ಲಿ ಅದನ್ನು ಹಿಂದೆಗೆದುಕೊಂಡರು. 2022ರಲ್ಲಿ, ಕೆಲವು ಕಟ್ಟಡಗಳು ವಾಸಕ್ಕೆ ಸುರಕ್ಷಿತವಲ್ಲವೆಂದು ಮತ್ತೆ ಪ್ರಕಟಿಸಿದರು. ಉಳಿಸಬೇಕೆಂಬುವರ ಪ್ರೀತಿಯೂ ನಿಜ, ಅದರಡಿ ಮಲಗುವ ವಿದ್ಯಾರ್ಥಿಯ ಭಯವೂ ನಿಜ. ಕಾಲಕಾಲಕ್ಕೆ ಮಾಡುವ ಸಣ್ಣ ರಿಪೇರಿ ಕಟ್ಟಡವನ್ನು ಇಂಥ ಇಕ್ಕಟ್ಟಿನಿಂದ ದೂರವಿಡುತ್ತದೆಂಬುದಂತೂ ಕಚ್ಛದ ಹೆಂಗಸಿಗೆ ಮೊದಲೇ ಗೊತ್ತಿದ್ದ ಸಂಗತಿ.

ಮೇಳವೂ ಒಂದು ಊರು

ಮತ್ತೆ ಮೇಳದ ಮಾತಿಗೆ ಬರೋಣ. ಹಳೆಯ ಮೇಳಗಳಲ್ಲಿ ನೋಡುವವರು ಮತ್ತು ತೋರಿಸುವವರು ಎಂಬ ಭೇದವಿರಲಿಲ್ಲ. ಸುರೇಂದ್ರನಗರ ಜಿಲ್ಲೆಯ ತರಣೇತರದಲ್ಲಿ ಭಾದ್ರಪದ ಮಾಸದಲ್ಲಿ ತ್ರಿನೇತ್ರೇಶ್ವರನ ಜಾತ್ರೆ ಸೇರುತ್ತದೆ. ಭರವಾಡ, ರಬಾರಿ, ಕೋಳಿ ಯುವಕರು ತಾವೇ ಸಿಂಗರಿಸಿದ ಕಸೂತಿಯ ಛತ್ರಿಗಳನ್ನು ಹಿಡಿದು ಬರುತ್ತಾರೆ. ಮದುವೆಯ ಮಾತುಕತೆಗಳೂ ಅಲ್ಲಿ ನಡೆಯುತ್ತಿದ್ದವು. ನಮ್ಮ ಊರ ಜಾತ್ರೆಯಲ್ಲಿ ನೇಗಿಲ ಗುಳ, ಒರಳುಕಲ್ಲು, ಬಾಗಿಲ ಚಿಲಕ ಕೊಂಡು ತರುತ್ತಿದ್ದಂತೆಯೇ ಅಲ್ಲಿಯೂ ಮನೆಗೆ ಬೇಕಾದದ್ದನ್ನು ಕೊಳ್ಳುತ್ತಿದ್ದರು.

ಅನೇಕ ಪ್ರಾಂತಗಳನ್ನು ಒಂದೇ ಬಯಲಿಗೆ ತಂದ ಮೇಳಗಳು ಹೊಸ ಕಾಲದವು. 1985ರಲ್ಲಿ ಅಮೆರಿಕದಲ್ಲಿ ನಡೆದ ಭಾರತೋತ್ಸವದ ಅಂಗವಾಗಿ ವಾಷಿಂಗ್ಟನ್ನಿನ ಬಯಲಿನಲ್ಲಿ ನಮ್ಮ ಜಾತ್ರೆಯೊಂದನ್ನೇ ಕಟ್ಟಲಾಯಿತು. 1986ರಲ್ಲಿ ಸ್ಥಾಪಿತವಾದ ಪಶ್ಚಿಮ ವಲಯ ಸಾಂಸ್ಕೃತಿಕ ಕೇಂದ್ರವು ಉದಯಪುರದ ಬಳಿ ಶಿಲ್ಪಗ್ರಾಮವನ್ನು ನಿರ್ಮಿಸಿತು. ಅದು 1989ರಲ್ಲಿ ತೆರೆಯಿತು. ಗುಜರಾತ್, ರಾಜಸ್ಥಾನ, ಮಹಾರಾಷ್ಟ್ರ, ಗೋವೆಗಳ ಮನೆಗಳು ಅಲ್ಲಿವೆ. ಪ್ರತಿ ಡಿಸೆಂಬರಿನಲ್ಲಿ ಹತ್ತು ದಿನಗಳ ಉತ್ಸವ. ಆ ಕಲ್ಪನೆಯ ಹಿಂದೆ ದುಡಿದವರಲ್ಲಿ ಮುಖ್ಯರು ಆಗಿನ ಸೂರತ್ ಜಿಲ್ಲೆಯ ವಾಲೋಡಿನಲ್ಲಿ ಹುಟ್ಟಿ ಅಹಮದಾಬಾದಿನಲ್ಲಿ ಬಾಳಿದ ಕಲಾವಿದ ಹಕು ಶಾ. ಗುಜರಾತ್ ವಿದ್ಯಾಪೀಠದಲ್ಲಿ ಬುಡಕಟ್ಟು ಜನರ ಸಂಗ್ರಹಾಲಯವನ್ನು ಕಟ್ಟಿದವರೂ ಅವರೇ. ಮನೆಯ ನಡುವೆಯೇ ಮಡಕೆಯನ್ನೂ ಗೋಡೆಯ ಚಿತ್ರವನ್ನೂ ತೋರಿಸಬೇಕು ಎಂಬ ದೃಷ್ಟಿ ಅಲ್ಲಿ ಕಾಣುತ್ತದೆ. ನಮ್ಮಲ್ಲಿ ಎಚ್. ಎಲ್. ನಾಗೇಗೌಡರು ರಾಮನಗರದ ಬಳಿ ಕಟ್ಟಿದ ಜಾನಪದ ಲೋಕವೂ ಇಂಥದೇ ಶ್ರಮದ ಫಲ.

ಇಂಥ ಮೇಳಗಳಿಂದ ಕಲೆ ಸತ್ತಿತೆಂದು ಮೂದಲಿಸುವುದು ಸುಲಭ. ಆದರೆ ಗೋಡೆ ಸಿಮೆಂಟಾದ ಮೇಲೆ ಹಲಗೆಯಾದರೂ ಸಿಕ್ಕಿದ್ದರಿಂದ ಲೀಂಪಣವೂ ಚಿತ್ತಾರವೂ ಉಳಿದಿವೆ. ಹೆಂಗಸರ ಕೈಗೆ ನಾಲ್ಕು ಕಾಸು ಬಂದಿದೆ. ನಷ್ಟವಾದದ್ದು ಬೇರೆ. ಕೊಳ್ಳುವವನು ನೋಡುವುದು ಚಿತ್ರವನ್ನು ಮಾತ್ರ, ಆ ಚಿತ್ರ ಕಾಪಾಡುತ್ತಿದ್ದ ಗೋಡೆಯನ್ನಲ್ಲ.

ಕನ್ನಡ ರಾಣಿಯ ಕೆರೆ

ಮುಗಿಸುವ ಮುನ್ನ ನಮ್ಮವರೆಲ್ಲ ತಿಳಿದಿರಬೇಕಾದ ಒಂದು ಹಳೆಯ ಕಥೆ. ಹನ್ನೊಂದನೆಯ ಶತಮಾನದಲ್ಲಿ ಗುಜರಾತನ್ನು ಆಳಿದ ಸೋಲಂಕಿ ದೊರೆ ಕರ್ಣದೇವನ ರಾಣಿ ಮಯಣಲ್ಲದೇವಿ ಕರ್ಣಾಟದ ಜಯಕೇಶಿಯ ಮಗಳೆಂದು ಹಳೆಯ ಗ್ರಂಥಗಳು ಹೇಳುತ್ತವೆ. ಈತನು ಗೋವೆಯ ಕದಂಬರ ಅರಸನೆಂದು ವಿದ್ವಾಂಸರು ಗುರುತಿಸಿದ್ದಾರೆ. ಅಹಮದಾಬಾದಿನ ಹಳೆಯ ಹೆಸರಾದ ಕರ್ಣಾವತಿ ಆಕೆಯ ಗಂಡನ ಹೆಸರಿನದು. ಸಿದ್ಧರಾಜ ಜಯಸಿಂಹ ಆಕೆಯ ಮಗ. ಗುಜರಾತಿಗಳು ಆಕೆಯನ್ನು ಮೀನಳದೇವಿ ಎಂದು ಪ್ರೀತಿಯಿಂದ ನೆನೆಯುತ್ತಾರೆ. ಸೋಮನಾಥದ ಯಾತ್ರಿಕರ ಮೇಲಿನ ತೆರಿಗೆಯನ್ನು ಮಗನಿಗೆ ಹೇಳಿ ತೆಗೆಸಿದವಳು ಆಕೆಯೆಂದು ಪ್ರತೀತಿ.

ಅಹಮದಾಬಾದಿಗೆ ಸಮೀಪದ ಧೋಳಕಾದಲ್ಲಿ ಆಕೆ ಕಟ್ಟಿಸಿದಳೆಂದು ಹೇಳುವ ಮಲಾವ್ ಕೆರೆಯಿದೆ. ಕೆರೆ ದುಂಡಗೆ ಒಪ್ಪವಾಗಬೇಕಾದರೆ ದಡದಲ್ಲಿದ್ದ ಒಬ್ಬ ಗಣಿಕೆಯ ಮನೆಯನ್ನು ತೆಗೆಯಬೇಕಾಗಿತ್ತಂತೆ. ರಾಣಿ ಎಷ್ಟು ಹಣ ಕೊಡುತ್ತೇನೆಂದರೂ ಆಕೆ ಮನೆ ಮಾರಲೊಪ್ಪಲಿಲ್ಲ. ಬಲಾತ್ಕಾರ ಮಾಡದೆ ರಾಣಿ ಕೆರೆಯ ಅಂಚನ್ನೇ ಸೊಟ್ಟಗಾಗಿಸಿದಳು. ನ್ಯಾಯ ನೋಡಬೇಕಾದರೆ ಮಲಾವ್ ಕೆರೆಯನ್ನು ನೋಡು ಎಂಬ ಗಾದೆ ಗುಜರಾತಿಯಲ್ಲಿ ಉಳಿಯಿತು. ಊರನ್ನು ಸುಂದರಗೊಳಿಸುವ ಕೆಲಸಕ್ಕಿಂತ ಒಬ್ಬಳ ಮನೆ ದೊಡ್ಡದೆಂದು ತಿಳಿದವಳು, ನಮ್ಮ ಹಾಗೆ ತವರು ಬಿಟ್ಟು ಬಂದ ಹೆಣ್ಣು.

ಮುಂದಿನ ಮೇಳಕ್ಕೆ ಹೋಗುವಾಗ ಮಕ್ಕಳನ್ನು ಜೊತೆಗೆ ಕರೆದೊಯ್ಯಿರಿ. ವಸ್ತುವಿನ ಬೆಲೆ ಕೇಳುವ ಮೊದಲು, ಇದು ಮನೆಯಲ್ಲಿ ಎಲ್ಲಿರುತ್ತಿತ್ತು, ಯಾರು ಮಾಡುತ್ತಿದ್ದರು ಎಂದು ಕೇಳಿರಿ. ಮಾಡಿದವರ ಕೈಯಿಂದಲೇ ಕೊಳ್ಳಿರಿ, ಚೌಕಾಸಿಗೆ ಒಂದು ಮಿತಿಯಿರಲಿ. ಊರಿಗೆ ಹೋದಾಗ ಹಿರಿಯರ ಮನೆಯ ಬಾಗಿಲು, ಕಂಬ, ತೊಟ್ಟಿಗಳನ್ನು ಅಳೆದು ಚಿತ್ರ ತೆಗೆದಿಡಿ. ಅಜ್ಜಿಯರಿಂದ ಕೋಣೆಗಳ ಹೆಸರು ಬರೆದುಕೊಳ್ಳಿ. ಅಣ್ಣತಮ್ಮಂದಿರು ಕೂಡಿ ವರ್ಷಕ್ಕೊಮ್ಮೆ ಹೆಂಚು ಕೈಯಾಡಿಸುವ ಖರ್ಚನ್ನಾದರೂ ಹಂಚಿಕೊಂಡರೆ ಆ ಮನೆ ಇನ್ನೊಂದು ತಲೆಮಾರು ಕಂಡೀತು. ಇಲ್ಲಿಯ ಫ್ಲ್ಯಾಟಿನ ಗೋಡೆಗೆ ಬಣ್ಣ ಬಳಿಸುವಾಗ ಒಂದು ಗೋಡೆಯನ್ನು ಮನೆಯವರೇ ಬಳಿಯಲು ಬಿಟ್ಟುಕೊಳ್ಳಿ. ಅದರ ಮೇಲೆ ಚಿತ್ತಾರ ಮೂಡಬಹುದು, ನೆರೆಯ ಗುಜರಾತಿ ಬಹೆನ್ ಬಂದು ಲೀಂಪಣದ ಒಂದು ನವಿಲನ್ನು ಸೇರಿಸಬಹುದು. ಗೆರೆ ಸೊಟ್ಟಗಾದರೆ ಚಿಂತೆಯಿಲ್ಲ. ಮಲಾವ್ ಕೆರೆಯ ಅಂಚೂ ಸೊಟ್ಟಗೇ ಇದೆ.